ಬಸವರಾಜಪ್ಪನವರು ಕೊಟ್ಟ ಅನುಮತಿ

ಗೋಣಿಬೀಡಿನ ಬಸವರಾಜಪ್ಪನವರು ತಮ್ಮ ಅಕೌಂಟಿನ ಪಾಸ್‌ವರ್ಡನ್ನು ಯಾರಿಗೂ ಹೇಳುವವರಲ್ಲ. ಕಟ್ಟಿಕೊಂಡ ಹೆಂಡತಿಗೂ ಇಲ್ಲ.

"ನಮ್ಮಣ್ಣ ಗೃಹಪ್ರವೇಶದ ಫೋಟೋ ಎಲ್ಲ ನಿಮಗೇ ಕಳಿಸಿದಾನಂತೆ. ಪಾಸ್‌ವರ್ಡ್ ಹೇಳಿ, ನೋಡ್ತೀನಿ" ಎಂದು ಸೋಮವಾರ ಬೆಳಿಗ್ಗೆ ವಿಶಾಲಾಕ್ಷಮ್ಮ ಕೇಳಿದ್ದೇ ತಪ್ಪಾಯಿತು.

"ಕೊರಳಲ್ಲಿರೋ ಲಿಂಗ, ಅಕೌಂಟಿನ ಪಾಸ್‌ವರ್ಡ್, ಇವೆರಡೂ ಇನ್ನೊಬ್ರ ಕೈಗೆ ಹೋಗಬಾರ್ದು ವಿಶಾಲಾ" ಎಂದು ಅವರು ಪ್ರವಚನದ ಧಾಟಿಯಲ್ಲಿ ಅಪ್ಪಣೆ ಕೊಡಿಸಿದರು.

"ಮನೆ ಬೀಗದ ಕೈನೇ ನನ್ನ ಸೊಂಟದಲ್ಲಿದೆ. ಅದಕ್ಕಿಂತ ಹೆಚ್ಚಿಂದು ಏನಿದೆಯಪ್ಪ ಅದ್ರೊಳಗೆ?"

ಇತ್ತು. ಭಾನುವಾರ ಕಳಸದಲ್ಲಿ ನಡೆದ ಆ ಗೃಹಪ್ರವೇಶಕ್ಕೆ ಬಸವರಾಜಪ್ಪನವರು ಹೋಗಿರಲಿಲ್ಲ. "ಗಿಡ ಹೂಬಿಡೋಕೆ ಬೇಕಾದ ಹೂಮಳೆ ಬಿದ್ದಿಲ್ಲ, ಭಾನುವಾರ ಸ್ಪ್ರಿಂಕ್ಲರ್ ಹಾಕದಿದ್ರೆ ಕಾಫಿ ಹೂವು ಕೈಕೊಡುತ್ತೆ" ಎಂದು ಹೆಂಡತಿ, ಮಗಳನ್ನು ಶುಕ್ರವಾರವೇ ಕಳಸದ ಬಸ್ಸು ಹತ್ತಿಸಿದ್ದರು. ಶನಿವಾರ ಸಂಜೆ ಹೂಮಳೆ ಧಾರಾಳವಾಗಿ ಸುರಿಯಿತು. ಸ್ಪ್ರಿಂಕ್ಲರಿಗೆ ಕೆಲಸವೇ ಉಳಿಯಲಿಲ್ಲ. ಅವರು ಆ ಸುದ್ದಿಯನ್ನು ನುಂಗಿಕೊಂಡು, ಫೋನಿನ ಕ್ಯಾಲೆಂಡರಿನಲ್ಲಿ 'ಕ್ಲಬ್, ಇಸ್ಪೀಟು' ಎಂದು ಗುರುತು ಹಾಕಿ, ಭಾನುವಾರವಿಡೀ ಮೂಡಿಗೆರೆಯ ಕ್ಲಬ್ಬಿನಲ್ಲಿ ಇಸ್ಪೀಟಿಗೆ ಕೂತರು. ಭಾವನ ಮನೆಯ ಊಟಕ್ಕಿಂತ ಭಾವನ ಉಪದೇಶವೇ ಜಾಸ್ತಿ ಎನ್ನುವುದು ಅವರ ಅನುಭವ.

ಅಲ್ಲಿ ಇಸ್ಪೀಟಿನ ಜೊತೆಗಾರ ಕಲ್ಲೇಶ್ ಒಂದು ಮಳೆ ಆ್ಯಪ್ ತೋರಿಸಿದ. ತೋಟದ ಮಳೆಯ ಅಳತೆ ಹಾಕಿದರೆ, ತಾಲ್ಲೂಕಿಗೇ ಹೆಚ್ಚು ಮಳೆ ಬಿದ್ದವನ ಹೆಸರಿನ ಮುಂದೆ ಬಂಗಾರದ ಛತ್ರಿ ಮೂಡುತ್ತದೆ. (ಮಳೆಯನ್ನು ತಾನೇ ಬರಿಸಿದ ಹಾಗೆ ಅಳತೆ ಹೇಳಿಕೊಳ್ಳದ ಪ್ಲಾಂಟರ್ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.)

"ಪಾಸ್‌ವರ್ಡ್ ಕೇಳುತ್ತಾ?"

"ಇಲ್ಲ ಮಾರಾಯ್ರೆ. ಇವರನ್ನ ಒಳಗೆ ಬಿಡ್ಲಾ ಅಂತ ನಿಮ್ಮ ಅಕೌಂಟೇ ಕೇಳುತ್ತೆ. 'ಅಲೋ' ಒತ್ತಿದ್ರಾಯ್ತು."

ಪರಿಚಯದವರ ನಂಬರು ನೋಡಬಹುದೇ, ನಿಮ್ಮ ಹೆಸರಲ್ಲಿ ಸಂದೇಶ ಕಳಿಸಬಹುದೇ, ಕ್ಯಾಲೆಂಡರ್ ಓದಬಹುದೇ ಎಂದು ಪರದೆಯ ಮೇಲೆ ಉದ್ದಕ್ಕೂ ಬರೆದಿತ್ತು. ಪಾಸ್‌ವರ್ಡ್ ಕೇಳಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಬಸವರಾಜಪ್ಪನವರು ಒಂದಕ್ಷರವನ್ನೂ ಓದದೆ ಒತ್ತಿದರು. ಶನಿವಾರದ ಮಳೆ ಒಂದು ಇಂಚು ಇಪ್ಪತ್ತು ಸೆಂಟು (ಇಂಚಿಗೆ ನೂರು ಸೆಂಟು) ಎಂದು ತುಂಬಿದರು. ಛತ್ರಿಯೂ ಬಂತು.

ಸೋಮವಾರದ ಪ್ರವಚನ ಮುಗಿಯುವಷ್ಟರಲ್ಲಿ ವಿಶಾಲಾಕ್ಷಮ್ಮನವರಿಗೆ ಕಳಸದಿಂದ ಫೋನು ಬಂತು. ಮಾತಾಡಿ ಇಟ್ಟವರು ಗಂಡನ ಕಡೆ ತಿರುಗಿದರು.

"ಬಸವರಾಜಪ್ಪನವರ ತೋಟದಲ್ಲಿ ಶನಿವಾರ ಒಂದು ಇಂಚು ಇಪ್ಪತ್ತು ಸೆಂಟು ಹೂಮಳೆ, ಅಭಿನಂದಿಸಿ ಅಂತ ನಿಮ್ಮ ಹೆಸರಿಂದಲೇ ಅಣ್ಣಂಗೆ ಬಂದಿದೆ. ಅಷ್ಟು ಮಳೆ ಮೇಲೆ ಸ್ಪ್ರಿಂಕ್ಲರ್ ಯಾವುದಕ್ಕೆ ಹಾಕಿದ್ರಿ, ಕಾಫಿಗೋ ಮೀನಿಗೋ?"

"ಯಾರೋ ಪಾಸ್‌ವರ್ಡ್ ಕದ್ದಿದಾರೆ" ಎಂದು ಬಸವರಾಜಪ್ಪನವರು ಎದ್ದೇಬಿಟ್ಟರು. ಚಾವಡಿಯಲ್ಲಿ ಕೂತು ಶತ್ರು ಸೈನ್ಯಕ್ಕೂ ಭೇದಿಸಲಾಗದ ಹೊಸ ಪಾಸ್‌ವರ್ಡ್ ಕಟ್ಟಿದರು. ಮಧ್ಯಾಹ್ನ ಬಂಧುಬಳಗಕ್ಕೆಲ್ಲ ಎರಡನೆಯ ಸಂದೇಶ ಹೋಯಿತು: "ಛತ್ರಿ ವಿಜೇತರ ಭಾನುವಾರದ ದಿನಚರಿ: ಕ್ಲಬ್, ಇಸ್ಪೀಟು."

ಮಗಳು ಭುವನಾ ನಗು ತಡೆದುಕೊಂಡು ಹೇಳಿದಳು: "ಅಪ್ಪಾಜಿ, ಗೇಟಿನ ಬೀಗ ಬದಲಾಯಿಸಿದ್ರಿ, ಒಳಗಿರೋನನ್ನ ಹೊರಗೆ ಕಳಿಸ್ಲಿಲ್ಲ. ಅವ್ನಿಗೆ ನಿಮ್ಮ ಪಾಸ್‌ವರ್ಡ್ ಬೇಡ, ನೀವು ಕೊಟ್ಟ ಅನುಮತಿ ಸಾಕು. ಒಳಗೆ ಹೋಗಿ ಅದನ್ನ ತೆಗೀಬೇಕು. ಈಗ ಇದು ಪಾಸ್‌ವರ್ಡ್ ಕೇಳ್ತಿದೆ, ಹೇಳಿ."

ಬಸವರಾಜಪ್ಪನವರು ಎರಡು ಸಲ ಒತ್ತಿ ನೋಡಿದರು, ಎರಡೂ ತಪ್ಪು. ಸಿಟ್ಟಿನಲ್ಲಿ ಕಟ್ಟಿದ ಪಾಸ್‌ವರ್ಡ್ ಸಿಟ್ಟಿನ ಜೊತೆಗೇ ಇಳಿದುಹೋಗಿತ್ತು. ಯಜಮಾನರು ಹೊರಗೆ, ಆ್ಯಪು ಒಳಗೆ. ಬೇರೆ ದಾರಿಯೆಂದರೆ ಓಟಿಪಿ ಒಂದೇ. ತೋಟದಲ್ಲಿ ತಮ್ಮ ಸಿಮ್ಮಿಗೆ ಟವರ್ ಸಿಗುವುದಿಲ್ಲವೆಂದು ಅದಕ್ಕೆ ಅವರು ಹಿಂದೆಯೇ ಹೆಂಡತಿಯ ನಂಬರು ಕೊಟ್ಟಿದ್ದರು.

ವಿಶಾಲಾಕ್ಷಮ್ಮ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

"ಓಟಿಪಿ ಬಂದಿದೆ. ಮೊದ್ಲು ನನ್ನ ಪರ್ಮಿಷನ್ ಕೇಳಿ. ನಿಮ್ಮ ಕ್ಯಾಲೆಂಡರ್ ನಾನು ನೋಡ್ತೀನಿ. ಬರೋ ಭಾನುವಾರ ಅಣ್ಣನ ಮನೆಗೆ ಬರ್ತೀರಿ. ಅಲ್ಲಿ ಹೋದ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ..."

ಅಷ್ಟರಲ್ಲಿ ಅವರ ಅಂಗೈಯೊಳಗಿನ ಫೋನು ಮತ್ತೆ ಕುಂಯ್ ಎಂದಿತು. ಮೂರನೆಯ ಸಂದೇಶದಲ್ಲಿ ಏನಿದೆಯೋ ಎಂದು ಬಸವರಾಜಪ್ಪನವರು ಹೆಂಡತಿಯ ಮಾತು ಮುಗಿಯಲು ಬಿಡಲಿಲ್ಲ.

"ಎಲ್ಲದಕ್ಕೂ ಅಲೋ ಮಾರಾಯ್ತಿ, ನಂಬರ್ ಹೇಳು."

ಆ್ಯಪು ತೊಲಗಿತು. ಛತ್ರಿಯೂ ಹೋಯಿತು.

ಆ ಭಾನುವಾರ ಕಳಸದಲ್ಲಿ, ನೆಂಟರೆಲ್ಲ ಜಗಲಿಯಲ್ಲಿ ಕಾಫಿ ಕುಡಿಯುತ್ತಿರುವಾಗ, ಬಸವರಾಜಪ್ಪನವರು ಭಾವನ ಹೊಸ ಮನೆಯ ಹೂಗಿಡಗಳಿಗೆ ಪೈಪು ಹಿಡಿದು ನೀರು ಹಾಯಿಸುತ್ತಿದ್ದರು. ಭಾವನವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಉಪದೇಶ ಮಾಡುತ್ತಿದ್ದರು. ಊಟದ ನಂತರ ಮೋಡ ಕವಿದು ದಪ್ಪ ಹನಿ ಬಿತ್ತು. ಭಾವ ಕುರ್ಚಿ ಎತ್ತಿಕೊಂಡು ಒಳಗೆ ಓಡಿದರು. ಬಸವರಾಜಪ್ಪನವರು ಆಸೆಯಿಂದ ಹೆಂಡತಿಯ ಕಡೆ ನೋಡಿದರು.

"ಸಂಜೆವರೆಗೆ ಅಂತ ಹೇಳಿದ್ನಲ್ಲ" ಎಂದರು ವಿಶಾಲಾಕ್ಷಮ್ಮ, ಜಗಲಿಯಿಂದಲೇ. "ಮಳೆ ಬಂದ್ರೂ ಸ್ಪ್ರಿಂಕ್ಲರ್ ಹಾಕೋ ಅಭ್ಯಾಸ ನಿಮಗೆ ಇದ್ದೇ ಇದೆಯಲ್ಲ."