ಭಾವನಿಗೆ ಗಂಟುಬಿದ್ದ ದನಿ

ನಮ್ಮ ಭಾವನಿಗೆ ಈ ವಯಸ್ಸಿನಲ್ಲಿ ಐರ್ಲೆಂಡಿನ ಹೆಂಗಸೊಬ್ಬಳು ಗಂಟುಬಿದ್ದಿದ್ದಾಳೆ! ಬೆಳಿಗ್ಗೆ ಹಲ್ಲುಜ್ಜುವಾಗ ಅವಳು ಬೇಕು, ಕಾಫಿ ಕುಡಿಯುವಾಗ ಅವಳು ಬೇಕು, ಜುರಾಂಗ್ ಐಲ್ಯಾಂಡಿಗೆ ಹೋಗುವ ಕಂಪನಿ ಬಸ್ಸಿನಲ್ಲಂತೂ ಅವಳಿಲ್ಲದೆ ಕೂರುವುದೇ ಇಲ್ಲ. ಈ ಸುದ್ದಿಯನ್ನು ನಾನು ಸಿಂಗಾಪುರದಿಂದ ಮೈಸೂರಿಗೆ ಫೋನ್ ಮಾಡಿ, ಇದೇ ಮಾತಿನಲ್ಲಿ, ನಮ್ಮ ಸೋದರತ್ತೆಗೆ ಹೇಳಿದೆ. ಅವಳು ಬರೀ ಒಂದು ದನಿ, ಫೋನಿನೊಳಗೆ ಹಾಡುವವಳು, ಭಾವ ಅವಳ ಮುಖವನ್ನೂ ಸರಿಯಾಗಿ ನೋಡಿಲ್ಲ ಎಂದು ಬಿಡಿಸಿ ಹೇಳುವ ಹೊತ್ತಿಗೆ ಸುದ್ದಿ ಸರಸ್ವತಿಪುರಂ ಬಿಟ್ಟು ಚಾಮರಾಜಪುರಂ ತಲುಪಿ, ಅಲ್ಲಿ ಇಬ್ಬರು ಮೂರ್ಛೆ ಹೋಗುವುದೊಂದು ಬಾಕಿಯಿತ್ತು.

ಅವಳ ಹೆಸರನ್ನು ಬರೆದುಬಿಡಬಹುದಿತ್ತು. ಆದರೆ ಆ ಹೆಸರಿನಲ್ಲಿ ಅರ್ಧ ಅಕ್ಷರಗಳನ್ನು ಉಚ್ಚರಿಸಬಾರದಂತೆ, ಉಳಿದರ್ಧವನ್ನು ಬರೆದ ಹಾಗೆ ಉಚ್ಚರಿಸಬಾರದಂತೆ. ಇಂಥ ಹೆಸರನ್ನು ಕನ್ನಡದಲ್ಲಿ ಬರೆದು ನಾನೇಕೆ ಪಾಪ ಕಟ್ಟಿಕೊಳ್ಳಲಿ? ನಮ್ಮ ಮನೆಯಲ್ಲಿ ಅವಳು ಬರೀ 'ಐರ್ಲೆಂಡಿನವಳು'.

ನಗುವುದಕ್ಕೆ ಮೊದಲು ಒಂದು ಮಾತು ಹೇಳಿಬಿಡಬೇಕು. ನಮ್ಮಕ್ಕ, ಅಂದರೆ ಭಾವನ ಹೆಂಡತಿ, ಹೋಗಿ ಆಗ ವರ್ಷ ತುಂಬಿರಲಿಲ್ಲ. ಚಿಕ್ಕಂದಿನಿಂದ ಇದ್ದ ಉಬ್ಬಸ ಕೊನೆಗೆ ಅವಳನ್ನು ತೆಗೆದುಕೊಂಡೇ ಹೋಯಿತು. ಭಾವ ಅಳಲಿಲ್ಲ. ಅಕ್ಕ ಹೋದಳು ಎಂಬ ಮಾತನ್ನು ಬಾಯಿಬಿಟ್ಟು ಆಡಲೂ ಇಲ್ಲ. ಮಗಳು ಪುಟ್ಟಿಗೆ, ಹೆಸರಿಗೆ ಪುಟ್ಟಿಯಾದರೂ ಕಾಲೇಜಿಗೆ ಹೋಗುವ ಹುಡುಗಿಗೆ, ಅದನ್ನು ಕ್ಷಮಿಸಲಾಗಲಿಲ್ಲ. ಯಿಶುನ್‌ನ ಆ ಫ್ಲ್ಯಾಟಿನಲ್ಲಿ ಉಳಿದವರು ಇಬ್ಬರೇ. ಆ ಇಬ್ಬರ ನಡುವೆ ಮಾತಿಲ್ಲ. ನನಗೆ ಹಗಲೂ ರಾತ್ರಿ ಅದೇ ಯೋಚನೆ. ಅಕ್ಕನನ್ನಂತೂ ಕಳೆದುಕೊಂಡಾಯಿತು, ಅವಳ ಮನೆಯೂ ಹೀಗೇ ಕಳೆದುಹೋಗುತ್ತದೆಯೇ?

ಇನ್ನು ಭಾವನ ವಿಷಯ. ಜುರಾಂಗ್ ಐಲ್ಯಾಂಡಿನ ತೈಲ ರಿಫೈನರಿಯಲ್ಲಿ ಪಂಪು, ಕಂಪ್ರೆಸರುಗಳ ಯೋಗಕ್ಷೇಮ ನೋಡಿಕೊಳ್ಳುವ ಎಂಜಿನಿಯರ್ ಅವರು. ಕಂಪನ ಅಳೆಯುವುದಕ್ಕೆ ಕಂಪನಿ ದುಬಾರಿ ಉಪಕರಣ ಕೊಟ್ಟಿದೆ. ಭಾವನಿಗೆ ಅದರಲ್ಲಿ ನಂಬಿಕೆಯಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆಂದರೆ ಒಳಗೆ ತಿರುಗುವ ದಂಡವನ್ನು ಹೊತ್ತ ಬೇರಿಂಗು ತನ್ನ ಕಷ್ಟಸುಖವನ್ನೆಲ್ಲ ಅವರ ಹತ್ತಿರ ಹೇಳಿಕೊಳ್ಳುತ್ತದಂತೆ. ಹಳೆಯ ಕಾಲದ ಮೆಕ್ಯಾನಿಕ್ಕುಗಳೆಲ್ಲ ಹೀಗೇ ಕೇಳುತ್ತಿದ್ದರು ಎನ್ನುತ್ತಾರೆ. ಇರಬಹುದು. ಆದರೆ ಅವರು ನೆಂಟರ ಮನೆಗೆ ಹೋಗುವಾಗಲೂ ಸ್ಕ್ರೂಡ್ರೈವರ್ ಒಯ್ಯುತ್ತಿದ್ದರೇ?

ನಮ್ಮ ಮನೆಗೆ ಬಂದರೆ ಕಾಫಿಗೆ ಮೊದಲು ನನ್ನ ಮಿಕ್ಸಿಯ ತಪಾಸಣೆ, ಕಾಫಿ ಆದಮೇಲೆ ಫ್ರಿಜ್ಜಿನದು. ಒಮ್ಮೆ ಫ್ರಿಜ್ಜಿನ ಬೆನ್ನಿಗೆ ಸ್ಕ್ರೂಡ್ರೈವರ್ ಒತ್ತಿ, ಡಾಕ್ಟರರ ಹಾಗೆ ತಲೆಯಾಡಿಸಿ, ಇನ್ನು ಒಂದು ತಿಂಗಳು ಎಂದುಬಿಟ್ಟರು. ಹೆದರಿದ ನಾನು ಎಷ್ಟೋ ದಿನ ದೋಸೆಹಿಟ್ಟು ರುಬ್ಬಲಿಲ್ಲ. ಆ ಫ್ರಿಜ್ಜು ಇವತ್ತಿಗೂ ಓಡುತ್ತಿದೆ. ಆ ತಿಂಗಳು ಕೆಟ್ಟು ನಿಂತದ್ದು ಅವರ ಮನೆಯದು! ಅದನ್ನು ಎತ್ತಿ ಆಡಿದರೆ ಭಾವನಿಗೆ ನಾಚಿಕೆಯೇನೂ ಇಲ್ಲ.

"ಬೇರಿಂಗ್ ಹೋಗಿದ್ರೆ ಮೊದ್ಲು ಮಷೀನ್ ನಿಲ್ಲಿಸ್ಬೇಕಮ್ಮ," ಎನ್ನುತ್ತಿದ್ದರು. "ಹೋಗಿದೆ ಅಂತ ಗೊತ್ತಿದ್ದೂ ಓಡಿಸೋನು ಎಂಜಿನಿಯರ್ ಅಲ್ಲ, ಕಟುಕ."

"ಕಂಡಕಂಡಿದ್ದಕ್ಕೆಲ್ಲ ಇಟ್ಟು ಕೇಳ್ತೀರ, ನನ್ನ ಎದೆಗೊಂದು ಇಟ್ಟು ನೋಡಲ್ಲ," ಎಂದು ಅಕ್ಕ ಒಳಗಿನಿಂದ ಛೇಡಿಸುತ್ತಿದ್ದಳು.

"ನಿಂಗ್ಯಾಕೆ? ನಿನ್ನ ಉಸಿರು ನಂಗೆ ಲಿಫ್ಟಿಂದಾನೇ ಕೇಳ್ಸುತ್ತೆ," ಎಂದು ಭಾವ.

ಉಬ್ಬಸದವಳು ಅಕ್ಕ, ಆದರೂ ಹಾಡುತ್ತಿದ್ದಳು. ಮೈಸೂರಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಸಂಗೀತದ ಟೀಚರು, ಸಾಹಿತ್ಯದ ನಡುವೆ ಎಲ್ಲೆಂದರಲ್ಲಿ ಉಸಿರೆಳೆಯುತ್ತೀಯ ಎಂದು ಅವಳನ್ನು ಬೈದೂ ಬೈದೂ ಸೋತು, ಕೊನೆಗೆ ನನ್ನನ್ನು ಬೈಯಲು ಶುರುಮಾಡಿದ್ದರು. ಅಕ್ಕ ಕಛೇರಿ ಗಿಛೇರಿ ಮಾಡಿದವಳಲ್ಲ. ಅಡುಗೆಮನೆಯಲ್ಲಿ ಹಾಡುವಳು, ದೇವರಿಗೆ ಆರತಿ ಎತ್ತುವಾಗ ಹಾಡುವಳು. ಯಾರಾದರೂ ಫೋನ್ ಎತ್ತಿ ಹಿಡಿದರೆ ಅಲ್ಲಿಗೇ ಹಾಡು ನಿಂತಿತು. ಗಂಟಲು ಕಟ್ಟುತ್ತದೆ ಎಂದು ನಗುವಳು. ಹಾಗಾಗಿ ನಮ್ಮೆಲ್ಲರ ಫೋನಿನಲ್ಲೂ ಅಕ್ಕನ ಫೋಟೋಗಳು ತುಂಬಿ ತುಳುಕುತ್ತಿವೆ. ಹಾಡಿದ್ದು ಒಂದೂ ಇಲ್ಲ.

ಮಂಡಾಯ್‌ನ ಚಿತಾಗಾರದಲ್ಲಿ ಅಕ್ಕನ ಪೆಟ್ಟಿಗೆ ತನ್ನಷ್ಟಕ್ಕೆ ಹಳಿಯ ಮೇಲೆ ಮುಂದೆ ಸರಿದು ಹೋಯಿತು. ನಾವೆಲ್ಲ ಗಾಜಿನ ಈಚೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದೆವು. ಭಾವ ಮಾತ್ರ ಕತ್ತು ಓರೆಮಾಡಿ ಏನನ್ನೋ ಆಲಿಸುತ್ತಿದ್ದರು.

"ಒಂಚೂರೂ ವೈಬ್ರೇಶನ್ ಇಲ್ಲ ನೋಡು," ಎಂದರು. "ಒಳ್ಳೆ ಮೇಂಟೆನೆನ್ಸ್."

ಪಕ್ಕದಲ್ಲಿ ಪುಟ್ಟಿ ಇದ್ದಳು. ಕೇಳಿಸಿಕೊಂಡಳು. ಮಾತು ನಿಂತದ್ದು ಆವತ್ತು. ನನಗೂ ಮೈಯೆಲ್ಲ ಉರಿಯಿತು, ಸುಳ್ಳೇಕೆ ಹೇಳಲಿ. ಹೆಂಡತಿಯ ಪೆಟ್ಟಿಗೆ ಹೋಗುವಾಗ ಯಾರಾದರೂ ರೋಲರಿನ ಸದ್ದು ಕೇಳುತ್ತಾರೆಯೇ?

ಭಾವ ಕೆಲಸಕ್ಕೆ ಮರಳಿದ ಮೇಲೆ ಐರ್ಲೆಂಡಿನವಳು ಬಂದಳು. ಹೊಸ ಕಂಪ್ರೆಸರ್ ಕೂರಿಸಲು ಆ ದೇಶದ ಎಂಜಿನಿಯರ್ ಒಬ್ಬ ಬಂದಿದ್ದನಂತೆ. ಕಂಪನಿ ಬಸ್ಸಿನಲ್ಲಿ ಭಾವನ ಪಕ್ಕದ ಸೀಟು. ಒಂದು ಬೆಳಿಗ್ಗೆ ತನ್ನ ಇಯರ್‌ಫೋನಿನ ಒಂದು ತುಂಡನ್ನು ಭಾವನ ಕಿವಿಗೆ ಕೊಟ್ಟು, ನಮ್ಮ ಊರಿನ ಕಡೆಯವಳು, ನಮ್ಮ ಹಳೆಯ ಭಾಷೆಯಲ್ಲಿ ಹಾಡುತ್ತಾಳೆ ಎಂದನಂತೆ. ಅವನು ಕಂಪ್ರೆಸರ್ ಓಡಿಸಿ ಊರಿಗೆ ಹೋದ. ಅವಳು ಇಲ್ಲೇ ಉಳಿದಳು. ಹಾಡಿನ ಅರ್ಥ ಏನು ಎಂದು ನಾನು ಕೇಳಿದ್ದಕ್ಕೆ ಭಾವ, ಗೊತ್ತಿಲ್ಲ, ಗೊತ್ತುಮಾಡಿಕೊಂಡರೆ ಬರೀ ಅರ್ಥವೇ ಕೇಳಿಸುತ್ತದೆ ಎಂದರು. ಇಂಥ ಉತ್ತರಕ್ಕೆ ಏನು ಹೇಳುತ್ತೀರಿ?

ಇನ್ನೊಂದು ಬೆಳಿಗ್ಗೆ ಭಾವನ ಇಯರ್‌ಫೋನು ಕೈಕೊಟ್ಟು ಹಾಡು ಇಡೀ ಬಸ್ಸಿಗೆ ಮೊಳಗಿಬಿಟ್ಟಿತು. ಜುರಾಂಗ್ ಐಲ್ಯಾಂಡಿನ ಬಸ್ಸೆಂದರೆ ಚಕ್ರದ ಮೇಲಿನ ಮಲಗುವ ಕೋಣೆ. ತೂಕಡಿಸುತ್ತಿದ್ದ ಎಂಜಿನಿಯರುಗಳೆಲ್ಲ ಬೆಚ್ಚಿ ಎದ್ದು ಕೂತರಂತೆ. ಚೀನೀ ಡ್ರೈವರ್ ಅಂಕಲ್ ಕನ್ನಡಿಯಲ್ಲಿ ನೋಡಿ, ಯಾರು ಸತ್ತರು ಎಂದು ಕೇಳಿದನಂತೆ. ಭಾವ ಇದನ್ನು ಊಟದ ಮೇಜಿನಲ್ಲಿ ಅಭಿನಯ ಮಾಡಿ ತೋರಿಸಿದರು.

"ನಾನು ಹೇಳ್ದೆ, 'ನೋಬಡಿ ಡೈ, ಅಂಕಲ್. ಸಾಂಗ್ ಓನ್ಲಿ ಲಾ'." ಇಲ್ಲಿ ಎಲ್ಲರ ಮಾತಿನ ಬಾಲಕ್ಕೂ ಒಂದು 'ಲಾ' ಅಂಟಿಕೊಳ್ಳುತ್ತದೆ.

ನನಗೆ ನಗು ಬಂದದ್ದು ನಿಜ. ಆದರೆ ಪುಟ್ಟಿ ಅರ್ಧ ಊಟದಲ್ಲಿ ಎದ್ದು, ತಟ್ಟೆಯನ್ನು ಸಿಂಕಿಗೆ ಹಾಕಿ, ಕೋಣೆಯ ಬಾಗಿಲು ಹಾಕಿಕೊಂಡಳು. ಭಾವ ಮೊಸರನ್ನ ಕಲಸುತ್ತಲೇ ಇದ್ದರು, ತಟ್ಟೆಯಲ್ಲಿ ಕಲಸುವುದಕ್ಕೆ ಏನೂ ಉಳಿದಿರದಿದ್ದರೂ.

ಅಂಥದ್ದೇನಿದೆ ಆ ದನಿಯಲ್ಲಿ ಎಂದು ಒಂದು ದಿನ ನಾನೇ ಪರೀಕ್ಷೆಗೆ ಇಳಿದೆ. ಯಿಶುನ್‌ನಲ್ಲಿ ಎಂಆರ್‌ಟಿ ರೈಲು ಹತ್ತಿ, ರಾಫೆಲ್ಸ್ ಪ್ಲೇಸಿನ ನನ್ನ ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಕಿವಿಗೆ ಹಾಕಿಕೊಂಡೆ. ವಾದ್ಯವಿಲ್ಲ, ತಾಳವಿಲ್ಲ, ಹಿಂದೆ ಯಾರೂ ಇಲ್ಲ. ಹೆಂಗಸೊಬ್ಬಳು ಒಂಟಿಯಾಗಿ ನಿಂತು ಯಾರನ್ನೋ ಕರೆಯುತ್ತಿದ್ದಾಳೆ. ಇಂಪಾದ ದನಿ ಎಂದು ಹೇಳಲಾರೆ. ಒಂದಿಷ್ಟು ಒರಟು, ಒಂದಿಷ್ಟು ಮೂಗು. ಮೇಲೇರುವಾಗ ಒಡೆಯುತ್ತದೆ, ಒಡೆದ ಮೇಲೂ ಇಳಿಯುವುದಿಲ್ಲ, ಒಡೆದುಕೊಂಡೇ ಮೇಲೆ ಹೋಗುತ್ತದೆ. ಅಲ್ಲಿ ನನಗೆ ಏನಾಯಿತೋ ತಿಳಿಯದು, ಕಣ್ಣು ಹರಿಯತೊಡಗಿತು. ರಾಫೆಲ್ಸ್ ಪ್ಲೇಸ್ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಎದುರಿಗೆ ಕೂತಿದ್ದ ಮಲಯ್ ಆಂಟಿ ಒಂದೂ ಮಾತಾಡದೆ ನನ್ನ ಮಡಿಲಿಗೆ ಟಿಶ್ಯೂ ಪ್ಯಾಕೆಟ್ ಹಾಕಿ ಇಳಿದುಹೋದರು. ಸಿಂಗಾಪುರದಲ್ಲಿ ಟಿಶ್ಯೂ ಪ್ಯಾಕೆಟ್ ಇರುವುದು ಹಾಕರ್ ಸೆಂಟರಿನ ಊಟದ ಮೇಜಿನಲ್ಲಿ ಸೀಟು ಹಿಡಿಯುವುದಕ್ಕೆ ಎಂದು ತಿಳಿದಿದ್ದೆ. ಅಳುವುದಕ್ಕೂ ಆಗುತ್ತದೆಂದು ಆವತ್ತು ಗೊತ್ತಾಯಿತು! ಒಂದಕ್ಷರ ಅರ್ಥವಾಗದ ಹಾಡಿಗೆ ಯಾಕೆ ಅತ್ತೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ವರ್ಷಾಬ್ದಿಕ ಮುಗಿದ ಮೇಲೆ ಬಂದ ಮೊದಲ ಗೌರಿಹಬ್ಬವನ್ನು ಅಮ್ಮ ಮಾಡುತ್ತಿದ್ದ ಹಾಗೇ ಮಾಡಬೇಕೆಂದು ಪುಟ್ಟಿ ಹಟ ಹಿಡಿದಳು. ನಾನು ಹೂವು, ಬಾಗಿನ ಎಲ್ಲ ಒದಗಿಸಿದೆ. ನಮ್ಮ ಕನ್ನಡದ ಬಳಗ ಕಾರಿಡಾರಿನ ತುಂಬ ಚಪ್ಪಲಿ ಬಿಟ್ಟು ಒಳಗೆ ಕಿಕ್ಕಿರಿಯಿತು. ಫೋನಿನಿಂದ ಸ್ಪೀಕರಿಗೆ ಶ್ಲೋಕ ಹಾಕುವುದೊಂದೇ ಭಾವನ ಕೆಲಸ. ಎಲ್ಲ ಸರಿಯಾಗಿ ನಡೆದು ಮಂಗಳಾರತಿಯ ಹೊತ್ತು ಬಂತು. ಪುಟ್ಟಿ ಆರತಿ ತಟ್ಟೆ ಎತ್ತಿದಳು. ಅಕ್ಕ ಹಾಡಬೇಕಾದ ಜಾಗ ಅದು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಭಾವನ ಬೆರಳು ಫೋನಿಗೆ ತಾನಾಗಿ ತಾಗಿತೋ, ಅವರೇ ತಾಗಿಸಿದರೋ, ನನಗೆ ಈಗಲೂ ತಿಳಿಯದು. ಸ್ಪೀಕರಿನಲ್ಲಿ ಐರ್ಲೆಂಡಿನವಳು ಶುರುಮಾಡಿದಳು!

ನಾನು ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ. ಆದರೆ ನಮ್ಮವರ ಭಕ್ತಿ ಎಂದರೆ ಏನೆಂದು ತಿಳಿದಿರಿ? ತಿಳಿಯದ ಭಾಷೆ, ಗಂಭೀರ ದನಿ, ಎದುರಿಗೆ ಆರತಿ. ಒಬ್ಬರು ಕೈಮುಗಿದರು, ಅವರನ್ನು ನೋಡಿ ಇನ್ನೊಬ್ಬರು, ಆಮೇಲೆ ಎಲ್ಲರೂ. ಬ್ಯಾಂಕಿನ ಅಂಕಲ್ ಒಬ್ಬರು ಕಣ್ಣುಮುಚ್ಚಿ ತೂಗಾಡಿದರು. ಬಳಗದಲ್ಲಿ ಸಂಗೀತ ಬಲ್ಲ ಆಂಟಿಯೊಬ್ಬರು ನನ್ನ ಕಿವಿಯಲ್ಲಿ, ಖರಹರಪ್ರಿಯ ರಾಗ, ಆದರೆ ಶ್ರುತಿ ಸ್ವಲ್ಪ ಹಾರಿದೆ ಎಂದು ತೀರ್ಪು ಕೊಟ್ಟರು. ಕೋಸಂಬರಿ ತಿನ್ನುವಾಗ ಅಂಕಲ್ ಬಂದು, ಇದು ಯಾವ ಉಪನಿಷತ್ತಿನದು ಎಂದು ವಿಚಾರಿಸಿದರು. ಪಶ್ಚಿಮದ ಕಡೆಯದು ಎಂದೆ. ಹೊಸ ಕಾಂಡೋದ ಗೃಹಪ್ರವೇಶಕ್ಕೆ ಹಾಕಿಸುತ್ತಾರಂತೆ, ಲಿಂಕ್ ಬೇಕಂತೆ!

ನಗು ತಡೆಯಲು ಅಡುಗೆಮನೆಗೆ ಓಡಿದೆ. ಅಲ್ಲಿ ಪುಟ್ಟಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನನ್ನ ನಗು ಅಲ್ಲಿಗೇ ಇಂಗಿತು.

ಕೊನೆಯ ಚಪ್ಪಲಿ ಕಾರಿಡಾರು ಬಿಟ್ಟ ಮೇಲೆ, ಆ ಮಧ್ಯಾಹ್ನ, ಪುಟ್ಟಿ ಬಾಯಿಬಿಟ್ಟಳು. ಜೋರುಮಾಡಲಿಲ್ಲ.

"ಅಮ್ಮ ಹಾಡ್ತಿದ್ದ ಪ್ಲೇಸ್ ಅದು, ಅಪ್ಪ. ಅಮ್ಮಂದು ಒಂದು ರೆಕಾರ್ಡಿಂಗೂ ಇಲ್ಲ ನಮ್ಹತ್ರ. ಅಲ್ಲಿಗೂ ಇವಳನ್ನೇ ತಂದ್ಯಲ್ಲ. ನಿಂಗೆ ಅಮ್ಮ ನೆನಪಾಗೋದೇ ಇಲ್ವಾ?"

ಭಾವ ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದರು. ಈಗಲೂ ಇದೇ ಹುಚ್ಚೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅದರ ತುದಿಯನ್ನು ಸ್ಪೀಕರಿಗೆ ಆನಿಸಿ, ಹಿಡಿಯನ್ನು ಮಗಳ ಕಿವಿಯ ಹತ್ತಿರ ತಂದರು. ಅವಳು ಮುಖ ಹಿಂದಕ್ಕೆ ಎಳೆದುಕೊಂಡಳು. ಅವರು ಕೈ ಇಳಿಸಲಿಲ್ಲ. ಕೊನೆಗೆ ಅವಳೇ ಕಿವಿ ಕೊಟ್ಟಳು. ಭಾವ ಹಾಡು ಹಾಕಿದರು.

"ಹಾಡು ಬಿಟ್ಬಿಡು ಪುಟ್ಟಿ. ಮೇಲಕ್ಕೆ ಹೋಗೋಕೆ ಮುಂಚೆ ಉಸಿರು ತಗೋತಾಳೆ. ಅದನ್ನ ಕೇಳು."

ನಾನು ಸ್ಪೀಕರಿನಿಂದಲೇ ಕೇಳಿದೆ. ಮೇಲೇರುವ ಸಾಲಿಗೆ ಮೊದಲು ಆ ಹೆಂಗಸು ಉಸಿರೆಳೆದುಕೊಂಡಳು. ಸಲೀಸಾಗಿ ಅಲ್ಲ. ಎಲ್ಲೋ ಸಿಕ್ಕಿ, ಸಣ್ಣಗೆ ಸುಯ್ಯೆಂದು, ಅರ್ಧಕ್ಕೇ ಸಾಕೆಂದು ಹೊರಟ ಉಸಿರು. ಟೀಚರು ಬೈದೂ ಬೈದೂ ಸೋತ ಉಸಿರು. ನಾನು ಎಂಆರ್‌ಟಿಯಲ್ಲಿ ಯಾಕೆ ಅತ್ತೆನೆಂದು ಆಗ ತಿಳಿಯಿತು.

ಭಾವ ಹಾಡು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಅದನ್ನೇ ಹಾಕಿದರು. ದಿನವೂ ಅವರು ಕೇಳುತ್ತಿದ್ದದ್ದು ಅಷ್ಟನ್ನೇ.

"ಹಾಡು ಅವಳದು," ಎಂದರು. "ಉಸಿರು ನಿಮ್ಮಮ್ಮಂದು. ಬೇರೆ ಎಲ್ಲೂ ಸಿಗ್ಲಿಲ್ಲ ನಂಗೆ."

ಹಾಡು ಮುಗಿದ ಮೇಲೂ ಪುಟ್ಟಿ ಹಿಡಿಯನ್ನು ಕಿವಿಯಿಂದ ತೆಗೆಯಲಿಲ್ಲ. ಆಮೇಲೆ ಸ್ಪೀಕರಿನಿಂದ ತುದಿಯನ್ನು ಎತ್ತಿ, ತಿರುಗಿಸಿ, ಮೆಲ್ಲಗೆ ಅಪ್ಪನ ಎದೆಗೆ ಇಟ್ಟಳು. ಹಬ್ಬದ ಜುಬ್ಬದ ಮೇಲೆ, ಗುಂಡಿಗಳ ಎಡಕ್ಕೆ. ಭಾವ ಕಲ್ಲಿನ ಹಾಗೆ ನಿಂತರು. ಕಂಡಕಂಡ ಪಂಪಿನ ಎದೆ ಕೇಳಿದ ಮನುಷ್ಯನ ಎದೆಯನ್ನು ನಾವು ಯಾರೂ ಕೇಳಿರಲಿಲ್ಲ.

ಪುಟ್ಟಿ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದಳು.

"ಬೇರಿಂಗ್ ಹೋಗಿದೆ, ಅಪ್ಪ," ಎಂದಳು. "ಎಷ್ಟು ದಿನ ಅಂತ ಹೀಗೇ ಓಡಿಸ್ತೀಯ? ನಿಲ್ಸು ಲಾ."

ಭಾವ ಗೌರಿಯ ಮುಂದೆ ನೆಲದ ಮೇಲೆ ಕುಸಿದು ಕೂತರು. ಪುಟ್ಟಿಯೂ ಪಕ್ಕದಲ್ಲಿ ಕೂತು ಅವರ ತಲೆಯನ್ನು ಹೆಗಲಿಗೆ ಎಳೆದುಕೊಂಡಳು. ಯಾರು ಸತ್ತರು ಎಂದು ಬಸ್ಸಿನ ಡ್ರೈವರ್ ಕೇಳಿದ ಪ್ರಶ್ನೆಗೆ ನಮ್ಮ ಭಾವ ಉತ್ತರ ಹೇಳಿದ್ದು ಆಗ. ಆ ಮಾತಿಗೆ ಏರುವ ಮುಂಚೆ ಅವರ ಉಸಿರೂ ಸಿಕ್ಕಿಕೊಂಡಿತು.

"ಹೋಗ್ಬಿಟ್ಳು ಪುಟ್ಟಿ," ಎಂದರು. "ನಿಮ್ಮಮ್ಮ ಹೋಗ್ಬಿಟ್ಳು."