ಬಾಯಿ ಮುಚ್ಚಿಕೊಳ್ಳಲು ಒಂದು ಪಿಎಚ್.ಡಿ.

ಸಲಹೆ ಕೊಡುವುದು ನನಗೆ ಉಸಿರಾಟದಷ್ಟೇ ಸಹಜ. ಬಸ್ ನಿಲ್ದಾಣದಲ್ಲಿ ಅಪರಿಚಿತರೊಬ್ಬರು ಸೀನಿದರೂ ಸಾಕು, ಮೆಣಸಿನ ಕಷಾಯಕ್ಕೆ ಬೆಲ್ಲ ಎಷ್ಟು ಹಾಕಬೇಕೆಂದು ಹೇಳದೆ ನಾನು ಬಸ್ಸು ಹತ್ತಿದವಳಲ್ಲ. ಇಂಥವಳು ಹದಿನೆಂಟು ವರ್ಷ ಆಪ್ತಸಮಾಲೋಚಕಿಯಾಗಿ ಬಾಳಿದ್ದು ಹೇಗೆಂದು ನೀವು ಕೇಳಬಹುದು. ಸಲಹೆ ಕೊಡಬೇಡ, ಕೇಳಿಸಿಕೋ ಎಂಬುದೇ ಆ ಕೆಲಸದ ಮೊದಲ ಪಾಠ. ಕಷ್ಟ ಹೇಳಿಕೊಳ್ಳಲು ಬಂದವರ ಮುಂದೆ ಹೇಗೋ ತಡೆದುಕೊಳ್ಳುತ್ತಿದ್ದೆ. ತಡೆದದ್ದೆಲ್ಲ ಸಂಜೆ ನನ್ನ ಗಂಡ ಶ್ರೀಧರ್ ಅವರ ಮೇಲೆ ಒಟ್ಟಿಗೆ ಸುರಿಯುತ್ತಿತ್ತು. ಅವರು ಅದಕ್ಕೆ ಒಗ್ಗಿಹೋಗಿದ್ದಾರೆ; ಪೇಪರನ್ನು ಮುಖದ ಮುಂದೆ ಹಿಡಿಯುವ ಕೋನದಲ್ಲೇ ಅದು ತಿಳಿಯುತ್ತದೆ.

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಪಿಎಚ್.ಡಿ. ಮಾಡುವ ಆಸೆ ಹುಟ್ಟಿತು. ಆಪ್ತಸಮಾಲೋಚನೆ ಕಲಿಯುತ್ತಿರುವವರಿಗೆ ಕಲಿಸುವುದು ಹೇಗೆ, ಅವರ ಬೆನ್ನಿಗೆ ನಿಂತು ತಿದ್ದುವುದು ಹೇಗೆ ಎಂಬುದರಲ್ಲಿ ಪಿಎಚ್.ಡಿ. ಇಟ್ಟಮಡುವಿನ ನಮ್ಮ ಕೆಳಗಿನ ಮನೆಯ ಸರೋಜಮ್ಮನವರಿಗೆ ಇದನ್ನು ಮೂರು ಸಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಅಂದ್ರೆ ಅಡುಗೆಯವ್ರಿಗೆ ಅಡುಗೆ ಕಲಿಸೋರಿಗೆ ಟ್ರೈನಿಂಗು. ಅದ್ಸರಿ, ಊಟ ಯಾವಾಗ?" ಅಂದರು. ಇಷ್ಟು ಚೆನ್ನಾಗಿ ನನ್ನ ಸಂಶೋಧನಾ ಪ್ರಸ್ತಾವನೆಯನ್ನು ಯಾರೂ ಪ್ರಶ್ನಿಸಿರಲಿಲ್ಲ.

ಮೊದಲ ವರ್ಷವೇ ನನಗೊಬ್ಬ ಶಿಷ್ಯೆಯನ್ನು ಒಪ್ಪಿಸಿದರು. ಹೆಸರು ಕಾವ್ಯಾ, ಇಪ್ಪತ್ನಾಲ್ಕು ವರ್ಷ, ಮೆತ್ತಗಿನ ಹುಡುಗಿ. ಜಯನಗರದ ಒಂದು ಸಣ್ಣ ಕೇಂದ್ರದಲ್ಲಿ ಅವಳು ಜನರ ಕಷ್ಟ ಕೇಳಬೇಕು, ಶನಿವಾರ ಬೆಳಿಗ್ಗೆ ಅದರ ಬಗ್ಗೆ ನನ್ನೊಡನೆ ಮಾತಾಡಬೇಕು. ನಮ್ಮಿಬ್ಬರ ಮಾತು ರೆಕಾರ್ಡ್ ಆಗಬೇಕು. ಅದನ್ನು ನನ್ನ ಗೈಡ್ ಡಾಕ್ಟರ್ ಪೂರ್ಣಿಮಾ ಕೇಳಿ ನನ್ನನ್ನು ತಿದ್ದಬೇಕು. ಪೂರ್ಣಿಮಾ ನನಗಿಂತ ಹದಿಮೂರು ವರ್ಷ ಚಿಕ್ಕವರು. ಅವರಿಗೆ ನಾನು ಮೇಡಂ ಅನ್ನುತ್ತೇನೆ, ಅವರೂ ನನಗೆ ಮೇಡಂ ಅನ್ನುತ್ತಾರೆ. ಹೀಗಾಗಿ ನಮ್ಮ ಮಾತು ಶುರುವಾಗುವುದಕ್ಕೇ ಹೊತ್ತು ಹಿಡಿಯುತ್ತದೆ.

ಕಾವ್ಯಾಳ ಬಳಿ ಒಬ್ಬ ಗೃಹಿಣಿ ಬರುತ್ತಿದ್ದರು. ಮನೆಯಲ್ಲಿ ತನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದು ಅವರ ದುಃಖ. ನಾನು ತಕ್ಷಣ, ಮನೆಗೆಲಸವನ್ನು ಎಲ್ಲರಿಗೂ ಹಂಚಿ ಒಂದು ಟೈಮ್ ಟೇಬಲ್ ಮಾಡಿ ಫ್ರಿಜ್ಜಿಗೆ ಅಂಟಿಸಲು ಹೇಳೆಂದೆ. ಬಣ್ಣ ಬಣ್ಣದ ಪೆನ್ನು ಬಳಸಲಿ ಎಂದೂ ಸೇರಿಸಿದೆ. ಮುಂದಿನ ವಾರ ಕಾವ್ಯಾ, "ಅಂಟಿಸಿದಾರಂತೆ ಮೇಡಂ," ಅಂದಳು. ಅದರ ಮುಂದಿನ ವಾರ, "ಅವರ ಯಜಮಾನ್ರು ಪಾತ್ರೆ ತೊಳೀತಿದಾರಂತೆ." ಮೂರನೆಯ ವಾರಕ್ಕೆ ಅತ್ತೆಯವರೂ ಬಟ್ಟೆ ಮಡಚತೊಡಗಿದ್ದರು. ನಾನು ಉಬ್ಬಿಹೋಗಿ ಈ ಯಶೋಗಾಥೆಯನ್ನು ಎರಡು ಪುಟ ಬರೆದು ಗೈಡಿಗೆ ಕೊಟ್ಟೆ.

ಪೂರ್ಣಿಮಾ ಪುಟಗಳನ್ನು ಪಕ್ಕಕ್ಕಿಟ್ಟು ರೆಕಾರ್ಡಿನ ವಿಷಯಕ್ಕೆ ಬಂದರು. "ಮೇಡಂ, ಐವತ್ತು ನಿಮಿಷದಲ್ಲಿ ನಲವತ್ತೊಂದು ನಿಮಿಷ ನೀವೇ ಮಾತಾಡಿದೀರಿ. ಕಾವ್ಯಾ 'ಹೌದು ಮೇಡಂ' ಅಂದಿದಾಳೆ, 'ಸರಿ ಮೇಡಂ' ಅಂದಿದಾಳೆ, ಒಂದ್ಸಲ ಕೆಮ್ಮಿದಾಳೆ."

"ಕೆಮ್ಮಿಗೂ ನಾನು..."

"ಹೂಂ, ಶುಂಠಿ ಹೇಳಿದೀರಿ. ಕೇಳಿಸ್ಕೊಂಡೆ." ಆಮೇಲೆ ಮೆಲ್ಲಗೆ ಹೇಳಿದರು: "ಶನಿವಾರ ಸಂಜೆಯೊಳಗೆ ಕೊಡೋ ರೆಕಾರ್ಡೂ ಹೀಗೇ ಇದ್ರೆ, ಈ ಅರ್ಧ ವರ್ಷ ಮತ್ತೆ ಮಾಡ್ಬೇಕಾಗತ್ತೆ."

ಮನೆಗೆ ಬಂದು ಮೌನದ ಅಭ್ಯಾಸ ಶುರುಮಾಡಿದೆ. ಮೊದಲ ದಿನ ಶ್ರೀಧರ್ ಛತ್ರಿ ಮರೆತು ಹೊರಟರು, ನಾನು ಸುಮ್ಮನಿದ್ದೆ. ಎರಡನೆಯ ದಿನ ಗ್ಯಾಸ್ ಬುಕ್ ಮಾಡುವುದನ್ನು ಮರೆತರು; ಸುಮ್ಮನಿದ್ದೆ. ಮೂರನೆಯ ದಿನ ಅವರು ಬಾಲ್ಕನಿಗೆ ಹೋಗಿ ಕುಮಾರಸ್ವಾಮಿ ಲೇಔಟಿನ ನನ್ನ ಅಕ್ಕನಿಗೆ ಫೋನು ಮಾಡುತ್ತಿದ್ದುದು ಕೇಳಿಸಿತು. "ಅತ್ತಿಗೆ, ಏನೋ ಆಗಿದೆ ಇವಳಿಗೆ. ಮೂರು ದಿನದಿಂದ ನನ್ನಲ್ಲಿ ಒಂದು ತಪ್ಪೂ ಹುಡುಕಿಲ್ಲ. ನೀವೊಂದ್ಸಲ ಬಂದು ನೋಡಿ." ಫೋನು ಹೀಗಲ್ಲ ಹಾಗೆ ಹಿಡಿದರೆ ಚೆನ್ನಾಗಿ ಕೇಳಿಸುತ್ತದೆ ಎಂದು ಒಳಗಿನಿಂದಲೇ ಕೂಗಿದೆ. ಅವರು, "ಸರಿಹೋದ್ಲು ಅತ್ತಿಗೆ," ಎಂದು ಫೋನಿಟ್ಟರು.

ಶುಕ್ರವಾರದ ಹೊತ್ತಿಗೆ ನನ್ನ ಬಲಗಡೆಯ ದವಡೆ ಹಲ್ಲು ಪ್ರಾಣ ಹಿಂಡತೊಡಗಿತು. ಶನಿವಾರ ಬೆಳಿಗ್ಗೆ ಜೆ.ಪಿ. ನಗರದ ದಂತವೈದ್ಯರು ಅದನ್ನು ಕಿತ್ತು, ಬಾಯಿಗೆ ಹತ್ತಿ ಕಚ್ಚಿಸಿ, "ಮಾತಾಡ್ಬೇಡಿ ಆಂಟಿ, ಹತ್ತಿ ಜಾರಿದ್ರೆ ರಕ್ತ ನಿಲ್ಲಲ್ಲ," ಅಂದರು. ರೆಕಾರ್ಡ್ ಕೊಡಲು ಅದೇ ಕಡೆಯ ದಿನ. ಊದಿದ ಕೆನ್ನೆ ಹೊತ್ತು ಜಯನಗರಕ್ಕೆ ಹೋದೆ. 'ಹಲ್ಲು ಕಿತ್ತಿದ್ದಾರೆ. ನೀನೇ ಮಾತಾಡು' ಎಂದು ಬರೆದು ತೋರಿಸಿದೆ. "ಮಾತಾಡೋಕೇ ಆಗಲ್ವಾ ಮೇಡಂ?" ಎಂದು ಕೇಳಿದ ಕಾವ್ಯಾಳ ಮುಖದಲ್ಲಿ ಮರುಕಕ್ಕಿಂತ ನೆಮ್ಮದಿ ಹೆಚ್ಚಿತ್ತೆಂದು ನನ್ನ ಅನುಮಾನ. ರೆಕಾರ್ಡರಿನ ಗುಂಡಿ ಒತ್ತಿದೆ.

ಅವಳು ಮಾತಾಡಲಿಲ್ಲ. ಫ್ಯಾನು ತಿರುಗಿತು. ಹೊರಗೆ ಯಾರೋ ಆಟೋದವರೊಡನೆ ಜಗಳವಾಡಿ, ರಾಜಿಯೂ ಆಗಿ, ಹೊರಟುಹೋದರು. ಹೇಳಬೇಕಾದ ಹನ್ನೊಂದು ಮಾತುಗಳು ಹತ್ತಿಯ ಹಿಂದೆ ನೂಕುನುಗ್ಗಲು ಮಾಡುತ್ತಿದ್ದವು. ಕಾವ್ಯಾ ಇದ್ದಕ್ಕಿದ್ದಂತೆ ಅಳತೊಡಗಿದಳು.

"ನನ್ನ ಹತ್ರ ಬರ್ತಿದ್ದ ಆ ಮೇಡಂ ಈಗ ಬರ್ತಾನೇ ಇಲ್ಲ. ಟೈಮ್ ಟೇಬಲ್ ಹೇಳಿದ ದಿನಾನೇ ಕಡೆ. ಪಾತ್ರೆ, ಬಟ್ಟೆ ಎಲ್ಲಾ ನಾನೇ ಕಟ್ಟಿ ಹೇಳಿದ್ದು."

ನನ್ನ ಎರಡು ಪುಟ ಕಣ್ಣ ಮುಂದೆ ತೇಲಿದವು. ನಾನು, "ಹೂಂ," ಅಂದೆ. ಅಷ್ಟೇ ಸಾಧ್ಯವಿತ್ತು.

"ಮೊದಲನೇ ವಾರವೇ ಹೇಳೋಣ ಅಂತ ಬಂದೆ. ನಿಮಗೆ ಎಷ್ಟು ಖುಷಿ ಆಗ್ತಿತ್ತು ಅಂದ್ರೆ, ಹೇಳೋಕೆ ಜಾಗಾನೇ ಸಿಗ್ಲಿಲ್ಲ. ಹೋಗೋವಾಗ ಅವರು ಏನಂದ್ರು ಗೊತ್ತಾ? 'ಸಲಹೆ ಕೊಡೋಕೆ ಮನೇಲಿ ನಮ್ಮತ್ತೆ ಇದಾರಮ್ಮ. ನೀನಾದ್ರೂ ಕೇಳ್ತೀಯ ಅಂತ ಬಂದಿದ್ದೆ.'"

ಹಲ್ಲು ಕಿತ್ತಾಗ ಆಗದ ನೋವು ಆಗ ಆಯಿತು. ಆ ಹೆಂಗಸು ಕೇಳುವವರಿಲ್ಲವೆಂದು ಬಂದಿದ್ದರು. ಈ ಹುಡುಗಿಯೂ ನನ್ನ ಬಳಿ ಬಂದದ್ದು ಅದಕ್ಕೇ. ನಾನು ಒಂದೇ ಏಟಿಗೆ ಇಬ್ಬರ ಬಾಯನ್ನೂ ಮುಚ್ಚಿಸಿದ್ದೆ. ಈಗ ಮುಂದೇನು ಮಾಡಬೇಕು, ಕ್ಷಮೆ ಹೇಗೆ ಕೇಳಬೇಕು, ಎಷ್ಟು ಗಂಟೆಗೆ ಫೋನು ಮಾಡಿದರೆ ಒಳ್ಳೆಯದು ಎಂಬ ದೊಡ್ಡ ಪಟ್ಟಿ ನಾಲಿಗೆಯವರೆಗೆ ಬಂತು. ಮರಗಟ್ಟಿದ ನಾಲಿಗೆ ಅದರಲ್ಲಿ ಮೊದಲ ಒಂದು ಪದವನ್ನಷ್ಟೇ ಹೊರಗೆ ಬಿಟ್ಟಿತು: "ಈಗ?"

ಕಾವ್ಯಾ ಮೂಗೊರೆಸಿಕೊಂಡು ಯೋಚಿಸಿದಳು. "ಫೋನ್ ಮಾಡ್ತೀನಿ ಮೇಡಂ. ತಪ್ಪು ನಂದೇ ಅಂತೀನಿ. ಬನ್ನಿ ಅನ್ನಲ್ಲ. ಬರೋದಾದ್ರೆ ಕೇಳ್ತೀನಿ ಅಂತೀನಿ." ನನ್ನ ಪಟ್ಟಿಯಲ್ಲಿ ಇಷ್ಟು ಒಳ್ಳೆಯದು ಯಾವುದೂ ಇರಲಿಲ್ಲ.

ಆ ರೆಕಾರ್ಡ್ ಕೊಟ್ಟರೆ ನನ್ನ ಯಶೋಗಾಥೆಯ ಬಂಡವಾಳ ಬಯಲಾಗುತ್ತಿತ್ತು. ಹಳೆಯದೊಂದನ್ನು ಕಳಿಸಿಬಿಡಲೇ ಎಂದು ಊಟದ ಹೊತ್ತಿನವರೆಗೂ ಒದ್ದಾಡಿದೆ. ಅಷ್ಟು ಚಿಕ್ಕ ಹುಡುಗಿ ಅಳುತ್ತಾ ನಿಜ ಹೇಳಿದ್ದಾಳೆ, ನನಗೇನು ದೊಡ್ಡ ರೋಗ ಎನ್ನಿಸಿ ಕಳಿಸಿಯೇಬಿಟ್ಟೆ.

ಸೋಮವಾರ ಪೂರ್ಣಿಮಾ ಎದ್ದುನಿಂತು ಬರಮಾಡಿಕೊಂಡರು. "ಎಂಥಾ ಮೌನ ಮೇಡಂ! ಕಡೇಲಿ ಆ 'ಈಗ?' ಅನ್ನೋ ಪ್ರಶ್ನೆ! ವರ್ಷಗಟ್ಟಲೆ ಪಾಠ ಮಾಡಿದ್ರೂ ನನಗೆ ಹಾಗೆ ಕೇಳೋಕೆ ಬರಲ್ಲ." ನಾನು ತಲೆ ತಗ್ಗಿಸಿ ಹಲ್ಲಿನ ವಿಷಯ ಹೇಳಿದೆ. ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನಗು ನಿಂತ ಮೇಲೆ, "ಪಾಸ್ ಮಾಡಿದೀನಿ. ಕಾರಣ ಏನೇ ಇರ್ಲಿ, ಆ ಹುಡುಗಿ ನಿಮ್ಮ ಮುಂದೆ ನಿಜ ಹೇಳಿದ್ಲಲ್ಲ," ಅಂದರು. ಮರುವಾರ ಆ ಗೃಹಿಣಿಯೂ ಬಂದರಂತೆ. ಕಾವ್ಯಾ ನನಗೆ ಅಷ್ಟು ಮಾತ್ರ ಹೇಳಿದಳು. ನಾನೂ ಅಷ್ಟಕ್ಕೇ ನಿಲ್ಲಿಸಿದೆ.

ಈಗ ಪೂರ್ಣಿಮಾ ಹೊಸ ವಿದ್ಯಾರ್ಥಿಗಳ ಮುಂದೆ 'ಕಲಿಸುವವರ ಮೌನ' ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಇಪ್ಪತ್ತು ನಿಮಿಷಕ್ಕೆ ಏನಾಗುತ್ತದೆ ಹೇಳಿ? ಒಂದೂವರೆ ಗಂಟೆಯಾದರೂ ಬೇಕೆಂದು ನಿನ್ನೆಯೇ ಪತ್ರ ಬರೆದಿದ್ದೇನೆ.