ಕೊನೆಯ ಚರಣ ಬಿಟ್ಟ ಪಾಠ

"ಇವತ್ತು ಹುಡುಗಿ ತಂದೆ ನಿನ್ನ ಪಾಠ ಕೇಳೋಕೆ ಕಾಲೇಜಿಗೇ ಬರ್ತಾರಂತೆ ಕಣೋ" ಎಂದು ಮುನಿಕೃಷ್ಣಮ್ಮ ಉಪ್ಪಿಟ್ಟು ಬಡಿಸುತ್ತಾ ಹೇಳಿದ್ದೇ ತಡ, ಮಗ ವೇಣುಗೋಪಾಲನಿಗೆ ಬಿಕ್ಕಳಿಕೆ ಹತ್ತಿತು.

ಗಂಡನ್ನು ಮನೆಯಲ್ಲಿ ನೋಡಿದ ಮೇಲೆ ಕೆಲಸದ ಜಾಗದಲ್ಲಿ ಇನ್ನೊಮ್ಮೆ ನೋಡುವುದು ಹೆಣ್ಣು ಹೆತ್ತವರ ಹಕ್ಕು. ಬ್ಯಾಂಕಿನವನಾದರೆ ಕೌಂಟರಿನಾಚೆಯಿಂದ ಇಣುಕಿದರಾಯಿತು. ಮೇಷ್ಟ್ರಾದರೆ ಪಾಠವನ್ನೇ ಕೇಳಬೇಕು. ಅದೂ ಬರುವವರು ಪುಟ್ಟೇನಹಳ್ಳಿಯ ಸುಬೇದಾರ್ ರಾಮಕೃಷ್ಣಪ್ಪ, ಎಪ್ಪತ್ತೊಂದರ ಯುದ್ಧ ಮಾಡಿ ಹೋದ ವರ್ಷ ನಿವೃತ್ತರಾಗಿ ಬಂದವರು. ವೇಣುಗೋಪಾಲನೋ ದೀಪಾವಳಿ ಬಂದರೆ ಕಿವಿಗೆ ಹತ್ತಿ ತುರುಕಿಕೊಂಡು ಒಳಮನೆ ಸೇರುವವನು. ಆದರೆ ಅವರ ಮಗಳು ಕೃಷ್ಣವೇಣಿ ಅವನಿಗೆ ಬಹಳ ಹಿಡಿಸಿಬಿಟ್ಟಿದ್ದಳು. ಹೆಣ್ಣು ನೋಡಲು ಹೋದಾಗ ಅವನ ಕೈಯಲ್ಲಿ ಕಾಫಿ ಲೋಟ ನಡುಗಿದ್ದನ್ನು ಕಂಡು ಅವಳು ನಕ್ಕಿದ್ದಳು. ಆ ನಗು ಕೈತಪ್ಪಿದರೆ ಬದುಕಿ ಸುಖವಿಲ್ಲ ಎಂದು ಅವನು ಅವತ್ತೇ ತೀರ್ಮಾನಿಸಿದ್ದ.

ಯಲಹಂಕದ ಆ ಪುಟ್ಟ ಕಾಲೇಜಿನ ಸ್ಟಾಫ್ ರೂಮಿಗೆ ಸುದ್ದಿ ಮುಟ್ಟಿದ ಕೂಡಲೇ ಎಲ್ಲರೂ ಗಂಡಿನ ಕಡೆಯವರಾದರು. ಮುಂದಾಳತ್ವ ಡ್ರಿಲ್ ಮೇಷ್ಟ್ರು ಮೊಯಿನುದ್ದೀನರದು. ಅವತ್ತು ವೇಣುಗೋಪಾಲ ಮಾಡಬೇಕಿದ್ದ ಇಂಗ್ಲಿಷ್ ಪಾಠವೂ ಯುದ್ಧದ ಪದ್ಯವೇ. ಹುಡುಗನೊಬ್ಬ ಗುಡ್ಡವೇರಿ ಬಾವುಟ ನೆಟ್ಟು ಗುಂಡು ತಿಂದು ಬೀಳುತ್ತಾನೆ. ಕೊನೆಯ ಚರಣದಲ್ಲಿ ಅವನ ತಾಯಿ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಾಳೆ. ವೇಣುಗೋಪಾಲನಿಗೆ ಆ ಚರಣವೇ ಪ್ರಾಣ. ಪ್ರತಿ ವರ್ಷ ಅಲ್ಲಿಗೆ ಬಂದಾಗ ಅವನು ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದ.

"ಮಿಲಿಟ್ರಿ ಮಾವನ ಮುಂದೆ ಅಳ್ತೀಯಾ ಗುರು? ಆ ಚರಣ ಬಿಟ್ಬಿಡು, ಹುಲಿ ಥರ ಇರು" ಎಂದರು ಮೊಯಿನುದ್ದೀನ್.

ಹಿಸ್ಟರಿ ಮೇಷ್ಟ್ರು ಬ್ಯಾಟರಾಯಪ್ಪ ಮಾತ್ರ, ಪಕ್ಕದ ಕ್ಲಾಸು ತಮ್ಮದು, ಸ್ವಲ್ಪ ಮೆಲ್ಲಗೆ ಎಂದು ಬೇಡಿಕೊಂಡರು. ಅಟ್ಟೂರಿನಲ್ಲಿ ಅಕ್ಕನ ಮನೆಯಲ್ಲಿದ್ದ ಅವರು ಜಗತ್ತಿನ ಯುದ್ಧಗಳನ್ನೆಲ್ಲ ಪಾಠ ಮಾಡಿದ್ದರೂ ಬಸ್ಸಿನ ಹಾರನ್ನಿಗೆ ಬೆಚ್ಚುವವರು. ಅವರ ಮಾತು ಯಾರಿಗೂ ಬೇಕಿರಲಿಲ್ಲ.

ಸುಬೇದಾರರು ಬಂದು ಕೊನೆಯ ಬೆಂಚಿನಲ್ಲಿ ನೆಟ್ಟಗೆ ಕೂತರು. ಕಿಟಕಿಯಾಚೆ ಮೊಯಿನುದ್ದೀನ್ ಮೀಸೆ ತಿರುವಿ ಸನ್ನೆ ಮಾಡಿದರು. ವೇಣುಗೋಪಾಲ ಶುರುಮಾಡಿದ. ಕವಿ 'ಮುಂದಕ್ಕೆ' ಎಂದು ಮೂರು ಸಲ ಯಾಕೆ ಹೇಳಿದ ಎಂದು ಕೇಳಿದ. ಒಂದು ಸಲ ಹೇಳಿದರೆ ಯಾರೂ ಹೋಗುವುದಿಲ್ಲ ಸಾರ್ ಎಂದು ಉತ್ತರ ಬಂತು. ಅಲ್ಲ, ಅದು ಕವಾಯತಿನ ಲಯ ಎಂದು ಅವನು ಡಸ್ಟರಿನಿಂದ ಮೇಜು ಬಡಿದು ತೋರಿಸಿದ. ಹುಡುಗರು ಬೆಂಚು ಬಡಿದರು, ಆಮೇಲೆ ಕಾಲೂ ಬಡಿದರು. ಸೀಮೆಸುಣ್ಣದ ಧೂಳು ಹೊಗೆಯಂತೆ ಎದ್ದಿತು. ಭೂಪಟದ ಕೋಲಿಗೆ ಕರವಸ್ತ್ರ ಕಟ್ಟಿಕೊಂಡು ವೇಣುಗೋಪಾಲ ಮೇಜನ್ನೇ ಏರಿದ. ಅಷ್ಟರಲ್ಲಿ ವಾಯುಪಡೆಯ ವಿಮಾನವೊಂದು ತಲೆಯ ಮೇಲೇ ಹಾದುಹೋಯಿತು. ಬೇರೆ ದಿನವಾದರೆ ಮೇಜಿನಡಿ ನುಗ್ಗುತ್ತಿದ್ದವನು ಅದಕ್ಕೆ ಸೆಲ್ಯೂಟ್ ಹೊಡೆದ. ಅವನ ಧೈರ್ಯ ಕಂಡು ಅವನಿಗೇ ರೋಮಾಂಚನವಾಯಿತು.

ಬ್ಯಾಟರಾಯಪ್ಪ ಕಿವಿ ಮುಚ್ಚಿಕೊಂಡು ಓಡಿ ಬಂದರು. ದಮ್ಮಯ್ಯ ನಿಲ್ಲಿಸಿ, ಎದೆ ಡವಡವ ಅಂತಿದೆ ಎಂದು ಮುಂದಿನ ಬೆಂಚಿನಲ್ಲಿ ಕುಸಿದರು.

"ಇಂಥ ಸಾವು ಸಿಗೋದಾದ್ರೆ ನಾನು ಇವತ್ತೇ ಹೊರಡ್ತೀನಿ, ಮನೆ ಮಠ ಒಂದೂ ಬೇಡ" ಎಂದು ವೇಣುಗೋಪಾಲ ಗರ್ಜಿಸಿದ. ಮೇಜಿನ ಕಾಲು ಮುರಿಯಿತು. ಬಾವುಟದ ಸಮೇತ ಅವನು ಪದ್ಯದಲ್ಲಿದ್ದಂತೆಯೇ ಬಿದ್ದ. ಹುಡುಗರು ಚಪ್ಪಾಳೆ ತಟ್ಟಿದರು.

ಸುಬೇದಾರರು ಎದ್ದು ನಿಂತರು. "ಮೇಷ್ಟ್ರೇ, ಆ ಉಡುಗನ್ ಅವ್ವ ಏನಾದ್ಲು?"

ವೇಣುಗೋಪಾಲನ ಕಣ್ಣು ಕೊನೆಯ ಚರಣದತ್ತ ಓಡಿತು. ಕಿಟಕಿಯಲ್ಲಿ ಮೊಯಿನುದ್ದೀನರ ಬೆರಳು ಬೇಡವೆಂದು ಅಲ್ಲಾಡಿತು. "ಅದು ಮುಖ್ಯ ಅಲ್ಲ ಸಾರ್" ಎಂದ.

ವೆರಾಂಡದಲ್ಲಿ ಸುಬೇದಾರರು ಅವನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಗೆದ್ದೆ ಎಂದುಕೊಂಡ ವೇಣುಗೋಪಾಲ.

"ನನ್ ಜೊತೇಲಿದ್ದ ಉಡುಗ್ರೂ ಇಂಗೇ ಇದ್ರು" ಎಂದರು ಅವರು. "ಅವರ ಮನೆಗೋಗಿ ಅವ್ವಂದಿರಿಗೆ ಸುದ್ದಿ ಮುಟ್ಸಿದೋನು ನಾನು. ಅದಕ್ಕೇ ಮಗಳನ್ನ ಸಂಜೆ ಮನೆಗ್ ಬರೋ ಮೇಷ್ಟ್ರಿಗೇ ಕೊಡೋದು ಅಂತ ಮಾಡಿದ್ದೆ. ನೀವು ನೋಡುದ್ರೆ ಇವತ್ತೇ ಒರಡ್ತೀನಿ ಅಂತೀರ."

ದೀಪಾವಳಿ, ಹತ್ತಿ, ಒಳಮನೆ ಎಲ್ಲವನ್ನೂ ಹೇಳಿಬಿಡಲು ವೇಣುಗೋಪಾಲ ಬಾಯಿ ತೆರೆದ. ಕಿರುಚಿ ಕಿರುಚಿ ಗಂಟಲು ಕೂತಿತ್ತು, ಗಾಳಿ ಮಾತ್ರ ಬಂತು. ಸಹಾಯಕ್ಕೆಂದು ಧಾವಿಸಿದ ಮೊಯಿನುದ್ದೀನ್, ಹುಡುಗ ಯಾವುದಕ್ಕೂ ಹೆದರುವವನಲ್ಲ ಎಂದು ಸುಬೇದಾರರಿಗೆ ಆಣೆಯಿಟ್ಟು ಹೇಳಿದರು.

ಸುಬೇದಾರರು ನಿಟ್ಟುಸಿರು ಬಿಟ್ಟು ಒಳಗೆ ನೋಡಿದರು. ಅಲ್ಲಿ ಬ್ಯಾಟರಾಯಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದರು.

"ಅದಿರ್ಲಿ, ಆ ಮೇಷ್ಟ್ರಿಗೆ ಮದ್ವೆ ಆಗೈತಾ?"